ಊರಿನಿಂದ ಭೂಮಂಡಲಕ್ಕೆ : ಪ್ರಾಥಮಿಕ ಶಾಲೆಯ ಭೂಗೋಳ ಪಾಠದ ಪೂರ್ವೋತ್ತರ

ನಮ್ಮ ನಾಡಿನ ಹಳೆಯ ಊರುಗಳಲ್ಲಿ ಶಾಲೆಗೆ 'ಮಠ'ವೆಂದೇ ಹೆಸರಿತ್ತು. ಹುಡುಗನನ್ನು ಓದಲು ಹಾಕುವುದೆಂದರೆ ಮಠಕ್ಕೆ ಹಾಕುವುದೆಂದೇ ಅರ್ಥ. ಕಲಿಸುವವರು ಅಯ್ಯನವರು. ಊರಿನವರು ದವಸವನ್ನೋ ಹಣವನ್ನೋ ಕೊಟ್ಟು ನಡೆಸಿಕೊಂಡು ಬಂದ ಇಂತಹ ಶಾಲೆಗಳನ್ನು ಕೂಲಿಮಠಗಳೆಂದು ಕರೆಯುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದು, ಮಗ್ಗಿ, ಲೆಕ್ಕ, ಓಲೆ ಬರೆಯುವುದು, ಓದುವುದು, ಅಮರಕೋಶ, ಕಾವ್ಯ ಪುರಾಣಗಳ ಪಠಣ ಇವು ಅಲ್ಲಿನ ವಿದ್ಯೆ. ಈ ಪಟ್ಟಿಯಲ್ಲಿ ಭೂಗೋಳವಿಲ್ಲ. ಇಂದು ಪ್ರಾಥಮಿಕ ಶಾಲೆಯ ಅವಿಭಾಜ್ಯ ಅಂಗವೆಂದು ನಾವು ಭಾವಿಸಿರುವ ಈ ವಿಷಯವು ನಮ್ಮ ಶಾಲೆಗಳಿಗೆ ಯಾವಾಗ ಬಂದಿತು, ಯಾವ ಕ್ರಮದಲ್ಲಿ ಬಂದಿತು, ಆ ಕ್ರಮವು ಇಂದಿನ ಮಗುವಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೃಷ್ಟಾಂತಕ್ಕೆ ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಯಲಹಂಕ ಹಾಗೂ ವಿದ್ಯಾರಣ್ಯಪುರಗಳ ಬಳಿ ಇರುವ ಸಿಂಗಾಪುರವೆಂಬ ಊರನ್ನು ಆರಿಸಿಕೊಂಡಿದ್ದೇನೆ. ಆ ಆಯ್ಕೆಯ ಕಾರಣ ಮುಂದೆ ವಾಚಕರಿಗೆ ತಾನಾಗಿ ವಿದಿತವಾದೀತು.

ಕೂಲಿಮಠಗಳ ಪಾಠಕ್ರಮವನ್ನು ಕುರಿತು ನಮಗೆ ದೊರೆತಿರುವ ದಾಖಲೆಗಳಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿಯು ಬಹುಮುಖ್ಯವಾದುದು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದುವೆಂದೂ ಅವುಗಳಲ್ಲಿ 6,641 ಮಂದಿ ಕಲಿಯುತ್ತಿದ್ದರೆಂದೂ ಅವನು ಲೆಕ್ಕ ಕೊಟ್ಟಿದ್ದಾನೆ. ರಾಮಾಯಣ, ಮಹಾಭಾರತ, ಭಾಗವತಗಳು ಸರ್ವಸಾಮಾನ್ಯ ಪಠ್ಯಗಳು. ಲಿಂಗವಂತರ ಮಕ್ಕಳು ಅವುಗಳ ಜೊತೆಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಮೊದಲಾದವನ್ನು ಓದುತ್ತಿದ್ದರೆಂದು ಅವನು ಹೆಸರು ಹಿಡಿದು ಹೇಳುತ್ತಾನೆ. ಹೆಸರುಗಳ ಉಚ್ಚಾರಣೆ ಇಂಗ್ಲಿಷಿನ ಬಾಯಿಗೆ ಸಿಕ್ಕಿ ಬಹಳಷ್ಟು ಕೆಟ್ಟಿದೆಯಾದರೂ ಕೃತಿಗಳನ್ನು ಗುರುತಿಸುವುದು ಕಷ್ಟವಲ್ಲ. ನಮ್ಮ ಸಾಹಿತ್ಯದ ವಿದ್ಯಾರ್ಥಿಗಳು ಈ ವಾಕ್ಯವನ್ನು ಗಮನಿಸಬೇಕು. ಇಂದು ಸ್ನಾತಕೋತ್ತರ ತರಗತಿಯಲ್ಲಿ ಓದುವ ಕಾವ್ಯಗಳು ಇನ್ನೂರು ವರ್ಷಗಳ ಹಿಂದೆ ಗ್ರಾಮದ ಜಗಲಿಯ ಮೇಲೆ ಮಕ್ಕಳ ಬಾಯಲ್ಲಿದ್ದುವು. ಅರ್ಥ ಎಷ್ಟು ತಿಳಿಯುತ್ತಿತ್ತು ಎಂಬುದು ಬೇರೆ ಮಾತು; ಕ್ಯಾಂಪ್‌ಬೆಲ್ಲನೇ ಆ ವಿಚಾರದಲ್ಲಿ ಆಕ್ಷೇಪ ಎತ್ತಿದ್ದಾನೆ.

ಭೂಗೋಳ ಇರಲಿಲ್ಲವೆಂದ ಮಾತ್ರಕ್ಕೆ ನಮ್ಮ ಹಿರಿಯರಿಗೆ ನೆಲದ ಅರಿವು ಇರಲಿಲ್ಲವೆಂದು ತಿಳಿಯುವುದು ತಪ್ಪು. ಕವಿರಾಜಮಾರ್ಗದ ಕರ್ತೃವು ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡ ನಾಡಿನ ಎಲ್ಲೆಯನ್ನು ಎರಡು ನದಿಗಳಿಂದ ಗುರುತಿಸಿದನು. ಅರಸರ ಆಳ್ವಿಕೆಯ ಗಡಿಯಿಂದಲ್ಲ, ಹರಿಯುವ ನೀರಿನಿಂದ ಗುರುತಿಸಿದನೆಂಬುದು ವಿಶೇಷ. ಶರಣರ ಚರಿತ್ರೆಗಳನ್ನು ಓದಿದವರಿಗೆ ಬಾಗೇವಾಡಿಯಿಂದ ಸಂಗಮಕ್ಕೆ, ಸಂಗಮದಿಂದ ಮಂಗಳವೇಡೆಗೆ, ಅಲ್ಲಿಂದ ಕಲ್ಯಾಣಕ್ಕೆ ಒಂದು ದಾರಿ ಮನಸ್ಸಿನಲ್ಲಿ ಮೂಡಿರುತ್ತದೆ. ಉಡುತಡಿಯಿಂದ ಕಲ್ಯಾಣದ ಮೂಲಕ ಶ್ರೀಶೈಲದ ಕದಳಿಗೆ ಇನ್ನೊಂದು ದಾರಿ. ಒಕ್ಕಲಿಗನ ಮಗನಿಗೆ ಕೆರೆಯ ಕೋಡಿ ಯಾವ ಕಡೆ ಹರಿಯುತ್ತದೆ, ಯಾವ ಹೊಲದ ಮಣ್ಣು ಕೆಂಪು, ಯಾವುದು ಎರೆ ಎಂಬುದನ್ನು ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹತ್ತಿರದ ಈ ಅನುಭವಜ್ಞಾನಕ್ಕೂ ದೂರದ ಲೋಕವನ್ನು ಕುರಿತ ಕಲ್ಪನೆಗೂ ನಡುವೆ ಸೇತುವೆ ಇರಲಿಲ್ಲ. ಕಾಲಬುಡದಲ್ಲಿ ಕೆರೆ, ಹೊಲ, ಗೋಮಾಳ. ಅದರಾಚೆ ಒಮ್ಮೆಗೇ ಪುರಾಣದ ಸಪ್ತದ್ವೀಪಗಳು, ಸಪ್ತಸಮುದ್ರಗಳು, ಮೇರುಪರ್ವತ. ನಡುವಿನ ಹಂತಗಳನ್ನು ತುಂಬುವುದೇ ಆಧುನಿಕ ಭೂಗೋಳ ಪಾಠವು ಮಾಡಬೇಕಾಗಿದ್ದ ಕೆಲಸ.

ನಮ್ಮ ನೆಲವನ್ನು ಅಳೆದು ಕಾಗದದ ಮೇಲೆ ತರುವ ಕಾರ್ಯ ಬೆಂಗಳೂರಿನಿಂದಲೇ ಆರಂಭವಾಯಿತೆಂಬುದು ಅನೇಕರಿಗೆ ತಿಳಿಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಕೃಷ್ಣರಾಜಪುರ ಮತ್ತು ಅಗರಗಳ ನಡುವೆ ಏಳು ಮೈಲಿಗೂ ಮಿಕ್ಕ ಒಂದು ಆಧಾರರೇಖೆಯನ್ನು ಸರಪಳಿ ಹಿಡಿದು ಅಳೆದನು. ಎರಡು ವರ್ಷಗಳ ಮೇಲೆ ಮದರಾಸಿನಲ್ಲಿ ವಿಧ್ಯುಕ್ತವಾಗಿ ತೊಡಗಿ, ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ವ್ಯಾಪಿಸಿದ ತ್ರಿಕೋನಮಿತಿಯ ಮಹಾಸರ್ವೇಕ್ಷಣೆಗೆ ಇದೇ ಪೂರ್ವಾಭ್ಯಾಸ. 1868ರಲ್ಲಿ ಬೆಂಗಳೂರಿನ ಉತ್ತರಭಾಗದಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದರು. ಅದರ ಒಂದು ತುದಿ ಇಂದಿನ ಮೇಖ್ರಿ ವೃತ್ತದ ಬಳಿ, ಇನ್ನೊಂದು ತುದಿ ಈಶಾನ್ಯದ ಕಣ್ಣೂರು ಗ್ರಾಮದಲ್ಲಿ. ಉದ್ದ ಏಳು ಮೈಲಿಗೆ ತುಸು ಕಡಿಮೆ. ಹೆಬ್ಬಾಳ, ಯಲಹಂಕಗಳ ಕಡೆಯ ಮಕ್ಕಳಿಗೆ ಭೂಪಟವೆಂದರೆ ದೆಹಲಿಯಲ್ಲಿಯೋ ಲಂಡನ್ನಿನಲ್ಲಿಯೋ ಹುಟ್ಟಿದ ವಸ್ತುವಲ್ಲ. ತಮ್ಮ ಊರಿನ ಬಯಲಿನಲ್ಲಿ ಕಂಬ ನೆಟ್ಟು, ದಂಡ ಇಟ್ಟು, ಅಂಗುಲ ಅಂಗುಲವಾಗಿ ಅಳೆದು ಮಾಡಿದ್ದು ಎಂದು ಹೇಳುವ ಭಾಗ್ಯ ಆ ಭಾಗದ ಉಪಾಧ್ಯಾಯರಿಗಿದೆ. ಅದನ್ನು ಬಳಸಿಕೊಂಡವರು ಕಡಿಮೆ.

ಅದೇ 1868ನೆಯ ವರ್ಷದಲ್ಲಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. 1857ರಲ್ಲಿ ಸ್ಥಾಪಿತವಾದ ಇಲಾಖೆಯು ಅಲ್ಲಿಯವರೆಗೆ ಪಟ್ಟಣಗಳಿಗೆ ಹೆಚ್ಚು ಗಮನ ಕೊಟ್ಟಿತ್ತು. ಹೋಬಳಿಗೊಂದು ಶಾಲೆ ಎಂಬ ಸಂಕಲ್ಪದಿಂದ ಸರ್ಕಾರದ ಕನ್ನಡ ಶಾಲೆ ಹಳ್ಳಿಯ ಬಾಗಿಲಿಗೆ ಬಂದಿತು. ನೆಲವನ್ನು ಅಳೆಯುವ ಕೆಲಸವೂ ಹಳ್ಳಿಗೆ ಶಾಲೆ ತರುವ ಕೆಲಸವೂ ಒಂದೇ ವರ್ಷದಲ್ಲಿ ಜರುಗಿದುದು ಕಾಕತಾಳೀಯವೇ ಸರಿ. ಆದರೆ ಅವೆರಡರ ಹಿಂದೆ ಇದ್ದ ಆಡಳಿತದೃಷ್ಟಿ ಒಂದೇ. ರೈಸ್ ಅವರನ್ನು ನಾವು ಶಾಸನಶಾಸ್ತ್ರಜ್ಞರೆಂದು ಪೂಜ್ಯಭಾವದಿಂದ ನೆನೆಯುತ್ತೇವೆ. ಅವರೇ ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನೂ ಸಂಪಾದಿಸಿದವರು. ಜಿಲ್ಲೆ, ತಾಲ್ಲೂಕು, ಹೋಬಳಿ, ನದಿ, ಬೆಟ್ಟ, ಬೆಳೆ, ಜಾತ್ರೆ ಎಂದು ವಿಷಯಗಳನ್ನು ಖಾನೆಖಾನೆಯಾಗಿ ಜೋಡಿಸುವ ಗೆಜೆಟಿಯರಿನ ಪದ್ಧತಿಯೇ ಮುಂದೆ ಶಾಲೆಯ ಭೂಗೋಳ ಪುಸ್ತಕದ ಅಚ್ಚೂ ಆಯಿತೆಂಬುದು ನನ್ನ ಅಭಿಪ್ರಾಯ. ಅದರ ಗುಣವೂ ದೋಷವೂ ಎರಡೂ ಅಲ್ಲಿಂದಲೇ ಬಂದುವು.

ಮುಂಬಯಿ ಕರ್ನಾಟಕದ ಕಥೆ ಸ್ವಲ್ಪ ಭಿನ್ನ. ಧಾರವಾಡ, ಬೆಳಗಾವಿ ಪ್ರಾಂತಗಳಲ್ಲಿ ಮಕ್ಕಳು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದಬೇಕಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಕನ್ನಡ ಶಾಲೆಗಳನ್ನು ತೆರೆಯಿಸಿ, ಉಪಾಧ್ಯಾಯರನ್ನು ತಯಾರುಮಾಡಿ, ಪಠ್ಯಗಳನ್ನು ಬರೆಯಿಸಿ, ನಾಡಿನ ಋಣ ತೀರಿಸಿದರು. ಉಪಾಧ್ಯಾಯರಿಗಾಗಿ ಅಲ್ಲಿ ಹೊರಟ ಪತ್ರಿಕೆಗೆ 'ಮಠಪತ್ರಿಕೆ' ಎಂದೇ ಹೆಸರು. ಮುಂದೆ ಅದೇ 'ಜೀವನ ಶಿಕ್ಷಣ'ವಾಯಿತು. ಅದೇ ವಲಯದ ವೆಂಕಟ ರಂಗೋ ಕಟ್ಟಿಯವರು 1893ರಲ್ಲಿ ಮುಂಬಯಿ ಸೀಮೆಯ ಕನ್ನಡ ಜಿಲ್ಲೆಗಳ ಗ್ಯಾಸೆಟಿಯರನ್ನು ಕನ್ನಡದಲ್ಲಿಯೇ ರಚಿಸಿದರು. ಭೂಗೋಳ ಹೇಳಿಕೊಡಲು ಮೊದಲು ಭೂಗೋಳದ ಮಾತುಗಳು ಬೇಕು. ದ್ವೀಪಕಲ್ಪ, ಭೂಕಂಠ, ಜಲಸಂಧಿ, ಅಕ್ಷಾಂಶ ಇಂತಹ ಶಬ್ದಗಳು ಇಂದು ನಮಗೆ ಸಹಜವಾಗಿ ಕೇಳಿಸುತ್ತಿರುವುದು ಆ ತಲೆಮಾರಿನ ಉಪಾಧ್ಯಾಯರ ಪರಿಶ್ರಮದ ಫಲ. ಆದರೂ ಕೋಡಿ, ತೂಬು, ಏರಿ, ದಿಣ್ಣೆ, ಹಳ್ಳ, ಕಣಿವೆ ಎಂಬ ಹಳ್ಳಿಯ ಮಾತುಗಳು ಪುಸ್ತಕದಲ್ಲಿ ಅಷ್ಟಾಗಿ ಜಾಗ ಪಡೆಯಲಿಲ್ಲವೆಂಬುದು ಖೇದಕರ. ಮಗುವಿಗೆ ಭೂಕಂಠದ ವ್ಯಾಖ್ಯೆ ಬಾಯಿಗೆ ಬಂದು, ಏರಿಗೂ ಕೋಡಿಗೂ ವ್ಯತ್ಯಾಸ ತಿಳಿಯದೆ ಹೋಗುವ ಸ್ಥಿತಿ ಅಲ್ಲಿಂದ ಮೊದಲಾಯಿತು.

ಇನ್ನು ಕ್ರಮದ ವಿಚಾರ. ಹತ್ತಿರದಿಂದ ದೂರಕ್ಕೆ, ಕಂಡದ್ದರಿಂದ ಕಾಣದ್ದಕ್ಕೆ ಎಂಬ ತತ್ತ್ವವನ್ನು ಯೂರೋಪಿನಲ್ಲಿ ಪ್ರತಿಪಾದಿಸಿದವರು ಹಲವರು. ಹದಿನೇಳನೆಯ ಶತಮಾನದ ಕೊಮೇನಿಯಸ್ ಎಂಬ ಮೊರೇವಿಯದ ಪಾದ್ರಿಯು ಎಳೆಯ ಮಗುವಿಗೆ ಬೆಟ್ಟ, ಹೊಲ, ಹೊಳೆ, ಊರು ಇವುಗಳ ಗುರುತೇ ಭೂಗೋಳದ ಮೊದಲ ಪಾಠವೆಂದನು. 1762ರಲ್ಲಿ ಪ್ರಕಟವಾದ ತನ್ನ 'ಎಮಿಲ್' ಗ್ರಂಥದಲ್ಲಿ ರೂಸೋ ಬಾಲಕನಿಗೆ ಗೋಳವನ್ನು ತೋರಿಸುವ ಮೊದಲು ಅವನು ವಾಸಿಸುವ ಊರನ್ನು ತೋರಿಸಬೇಕೆಂದು ವಾದಿಸಿದನು. ಇವರಿಬ್ಬರದೂ ಬಹುಮಟ್ಟಿಗೆ ವಿಚಾರ. ಮಾಡಿ ತೋರಿಸಿದವನು ಪೆಸ್ಟಲಾಜಿ. ಸ್ವಿಟ್ಜರ್‌ಲೆಂಡಿನ ಇವೆರ್ದೋ ಎಂಬಲ್ಲಿ 1805ರಿಂದ 1825ರವರೆಗೆ ನಡೆದ ಅವನ ಶಾಲೆಯಲ್ಲಿ ಕಲಿತ ವಿದ್ಯಾರ್ಥಿಯೊಬ್ಬನು ನೆನಪಿಸಿಕೊಂಡಿರುವ ಸಂಗತಿ ಹೀಗಿದೆ. ಉಪಾಧ್ಯಾಯರು ಮಕ್ಕಳನ್ನು ಊರ ಬಳಿಯ ಸಣ್ಣ ಹೊಳೆಯ ಕಣಿವೆಗೆ ಕರೆದೊಯ್ದು ಅದನ್ನು ಇಡಿಯಾಗಿಯೂ ಬಿಡಿಬಿಡಿಯಾಗಿಯೂ ನೋಡಿಸುತ್ತಿದ್ದರು. ಬಳಿಕ ಅಲ್ಲಿಯ ಜೇಡಿಮಣ್ಣನ್ನು ತಂದು ಉದ್ದನೆಯ ಮೇಜಿನ ಮೇಲೆ ಅದೇ ಕಣಿವೆಯನ್ನು ಮಕ್ಕಳಿಂದ ಮಾಡಿಸುತ್ತಿದ್ದರು. ದಿನದಿನವೂ ಹೊಸ ಸುತ್ತಾಟ, ಹೊಸ ಮಣ್ಣು. ಮಣ್ಣಿನ ರಚನೆ ಪೂರ್ಣವಾದ ಮೇಲೆಯೇ ಭೂಪಟದ ದರ್ಶನ. ಆ ಹೊತ್ತಿಗೆ ಭೂಪಟವನ್ನು ಓದುವ ಶಕ್ತಿ ಮಗುವಿಗೆ ತಾನೇ ಬಂದಿರುತ್ತಿತ್ತು. ಆಧುನಿಕ ಭೂಗೋಳಶಾಸ್ತ್ರದ ಸ್ಥಾಪಕರಲ್ಲೊಬ್ಬನಾದ ಕಾರ್ಲ್ ರಿಟ್ಟರ್ 1807ರಲ್ಲಿ ಆ ಶಾಲೆಯನ್ನು ಕಂಡು ಬೆರಗಾದನು. ಪೆಸ್ಟಲಾಜಿಗೆ ಭೂಗೋಳದ ವಿವರಗಳು ಸಾಮಾನ್ಯ ಶಾಲಾಬಾಲಕನಿಗಿಂತ ಹೆಚ್ಚು ತಿಳಿದಿರಲಿಲ್ಲ. ಆದರೂ ಆ ಶಾಸ್ತ್ರದ ಮಾರ್ಗವನ್ನು ತಾನು ಅವನಿಂದಲೇ ಕಲಿತೆನೆಂದು ರಿಟ್ಟರ್ ಒಪ್ಪಿಕೊಂಡಿದ್ದಾನೆ.

ಈ ತತ್ತ್ವ ಇಂಗ್ಲೆಂಡಿನ ಮೂಲಕ ನಮ್ಮಲ್ಲಿಗೆ ಬರುವ ವೇಳೆಗೆ ಅದರ ಜೀವ ಹೋಗಿ ಚೌಕಟ್ಟು ಮಾತ್ರ ಉಳಿದಿತ್ತು. ಊರು, ತಾಲ್ಲೂಕು, ಜಿಲ್ಲೆ, ಸಂಸ್ಥಾನ, ದೇಶ, ಖಂಡ, ಪ್ರಪಂಚ ಎಂಬ ಮೆಟ್ಟಿಲುಗಳು ತರಗತಿಗೊಂದರಂತೆ ನಿಗದಿಯಾದುವು. ಕಣಿವೆಗೆ ಹೋಗುವುದೂ ಇಲ್ಲ, ಮಣ್ಣು ತರುವುದೂ ಇಲ್ಲ. ಜಿಲ್ಲೆಯ ತಾಲ್ಲೂಕುಗಳನ್ನು ಒಂದೇ ಉಸಿರಿಗೆ ಹೇಳಿದವನು ಜಾಣ. ಮಗ್ಗಿಯ ರಾಗದಲ್ಲಿ ನದಿಗಳ ಹೆಸರು, ಅದೇ ರಾಗದಲ್ಲಿ ರಾಜಧಾನಿಗಳ ಹೆಸರು. ಕೂಲಿಮಠದ ಕಂಠಪಾಠವನ್ನು ಹಳಿದ ಹೊಸ ಶಾಲೆಯು ವಿಷಯವನ್ನು ಬದಲಾಯಿಸಿತೇ ಹೊರತು ವಿಧಾನವನ್ನಲ್ಲ. ಹಳೆಯ ಮಠದ ಹುಡುಗ ಬಾಯಿಪಾಠ ಮಾಡಿದ್ದು ಕಾವ್ಯವನ್ನಾದರೂ ಆಗಿತ್ತು. ಅದು ವಯಸ್ಸಾದ ಮೇಲೆ ಅರ್ಥ ಬಿಡುತ್ತಿತ್ತು. ತಾಲ್ಲೂಕುಗಳ ಪಟ್ಟಿ ಎಂದಿಗೂ ಅರ್ಥ ಬಿಡುವುದಿಲ್ಲ.

ಅದಕ್ಕಿಂತ ಮಿಗಿಲಾದ ತೊಡಕೆಂದರೆ ಆ ಪಟ್ಟಿ ಸ್ಥಿರವಲ್ಲ. 1956ರಲ್ಲಿ ರಾಜ್ಯದ ಗಡಿ ಬದಲಾಯಿತು, 1973ರಲ್ಲಿ ಹೆಸರು ಬದಲಾಯಿತು. 1986ರಲ್ಲಿ ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರವೆಂದು ಎರಡಾಯಿತು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಹುಟ್ಟಿದುವು. 2021ರಲ್ಲಿ ವಿಜಯನಗರ ಜಿಲ್ಲೆ. ಸ್ವತಂತ್ರ ನಗರಸಭೆಯಾಗಿದ್ದ ಯಲಹಂಕವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2025ರಲ್ಲಿ ಆ ಪಾಲಿಕೆಯೇ ಐದಾಗಿ ಒಡೆಯಿತು. ಹಿಂದಕ್ಕೆ ಹೋದರೂ ಇದೇ ಕಥೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಯಲಹಂಕದ ಸೀಮೆಗೆ ಇಲೈಪಾಕ್ಕ ನಾಡೆಂಬ ಹೆಸರಿದೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ. ಶ. 750ರದು; ಅದರಲ್ಲಿ ಹೆಬ್ಬಾಳವು ಮೂವತ್ತು ಹಳ್ಳಿಗಳ ಪೆರ್ಬೊಳಲ್ನಾಡು. ಆ ಮೂವತ್ತರ ಲೆಕ್ಕ ಇಂದು ಯಾರಿಗೆ ಬೇಕು? ಹೀಗಿರುವಾಗ ಎಂಟು ವರ್ಷದ ಮಗುವಿನ ನೆನಪಿನ ಶಕ್ತಿಯನ್ನು ಆಡಳಿತದ ಗೆರೆಗಳ ಮೇಲೆ ಸವೆಸುವುದು ನ್ಯಾಯವೇ ಎಂಬ ಪ್ರಶ್ನೆ ಏಳುತ್ತದೆ.

ಸ್ವಾತಂತ್ರ್ಯಪೂರ್ವದಲ್ಲಿಯೇ ಈ ಜಡತೆಯನ್ನು ಮುರಿಯುವ ಯತ್ನಗಳು ನಡೆದುವು. 1937ರ ವಾರ್ಧಾ ಯೋಜನೆಯು ಭೂಗೋಳವನ್ನು ಬಿಡಿ ವಿಷಯವಾಗಿರಿಸದೆ ಸಮಾಜದ ಪಾಠದೊಳಕ್ಕೆ, ಕೈಕಸುಬಿನೊಳಕ್ಕೆ ತರಲು ಹೊರಟಿತು. ಹತ್ತಿಯನ್ನು ನೂಲುವ ಮಗು ಹತ್ತಿ ಬೆಳೆಯುವ ನೆಲವನ್ನೂ ತಿಳಿಯಲಿ ಎಂಬುದು ಅದರ ಆಶಯ. ಕಾರಂತರ 'ಬಾಲಪ್ರಪಂಚ'ದಂತಹ ಸಂಪುಟಗಳು ಪಠ್ಯದ ಹೊರಗೆ ನಿಂತು ಮಕ್ಕಳಿಗೆ ಲೋಕವನ್ನು ತೋರಿದುವು. 1975ರ ಹತ್ತು ವರ್ಷಗಳ ಶಾಲೆಯ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಪ್ರಾಥಮಿಕ ಹಂತಕ್ಕೆ ಪರಿಸರ ಅಧ್ಯಯನವೆಂಬ ವಿಷಯ ಬಂದಿತು. 2005ರ ಚೌಕಟ್ಟಿನಲ್ಲಿ ಮೂರರಿಂದ ಐದನೆಯ ತರಗತಿಯವರೆಗೆ ವಿಜ್ಞಾನ, ಸಮಾಜ ಎರಡನ್ನೂ ಒಂದುಗೂಡಿಸಿದ ಪರಿಸರ ಅಧ್ಯಯನ ದೃಢವಾಯಿತು. ಕಾಗದದ ಮೇಲೆ ಇದು ಪೆಸ್ಟಲಾಜಿಯ ಕಣಿವೆಗೆ ಮರಳಿ ಹೋಗುವ ದಾರಿಯೇ. ಶಾಲೆಯ ಗೇಟಿನ ಹೊರಗೆ ಮಕ್ಕಳನ್ನು ಕರೆದೊಯ್ಯಲು ಉಪಾಧ್ಯಾಯರಿಗೆ ಸಮಯವೂ ಧೈರ್ಯವೂ ಇರಬೇಕು, ಅಷ್ಟೆ. ಇಂದಿನ ವಾಹನಗಳ ನಡುವೆ ಅದು ಸಣ್ಣ ಮಾತಲ್ಲ.

ಈಗ ಸಿಂಗಾಪುರಕ್ಕೆ ಬರೋಣ. ಬೆಂಗಳೂರು ಒಂದು ದಿಣ್ಣೆಯ ಮೇಲಿರುವ ಊರು. ಉತ್ತರದಿಂದ ದಕ್ಷಿಣಕ್ಕೆ ಚಾಚಿದ ಆ ದಿಣ್ಣೆಯ ಅತ್ಯುನ್ನತ ಸ್ಥಾನ ಸಿಂಗಾಪುರದ ಆಸುಪಾಸಿನ ದೊಡ್ಡಬೆಟ್ಟಹಳ್ಳಿಯಲ್ಲಿದೆ. ಎತ್ತರ ಸಮುದ್ರಮಟ್ಟದಿಂದ ಸುಮಾರು 962 ಮೀಟರ್. ಅಲ್ಲಿ ನಿಂತವರಿಗೆ ಬೆಟ್ಟವೇನೂ ಕಾಣಿಸುವುದಿಲ್ಲ. ಊರಿನ ಹೆಸರಿನಲ್ಲಿರುವ ಬೆಟ್ಟ ಎಲ್ಲಿದೆ ಸಾರ್ ಎಂದು ಹುಡುಗರು ಕೇಳುತ್ತಾರೆ. ಇಡೀ ನಗರವೇ ಆ ಬೆಟ್ಟ, ನೀವು ಅದರ ನೆತ್ತಿಯ ಮೇಲೆ ನಿಂತಿದ್ದೀರಿ ಎಂಬುದು ಉತ್ತರ. ದಿಣ್ಣೆಯ ಮೂಡಣ ಮಗ್ಗುಲಿಗೆ ಬಿದ್ದ ಮಳೆ ಕೆರೆಯಿಂದ ಕೆರೆಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಯಲಹಂಕ ಕೆರೆಯ ಕೋಡಿ ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಹರಿಯುವುದನ್ನು ಇಂದಿಗೂ ನಡೆದು ನೋಡಬಹುದು. ಪಡುವಣ ಮಗ್ಗುಲಿಗೆ ಬಿದ್ದುದು ಅರ್ಕಾವತಿಯನ್ನು ಸೇರಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯಲ್ಲಿ ಬೆರೆಯುತ್ತದೆ. ಒಂದು ಹನಿ ಕಡಲೂರಿನ ಬಳಿ, ನೆರೆಯ ಹನಿ ಪೂಂಪುಹಾರಿನ ಬಳಿ ಕಡಲನ್ನು ಕಾಣುತ್ತದೆ. ಎರಡು ನದಿಗಳೂ ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ. ಪಾಲಿಕೆ ಒಂದಾಗಲಿ ಐದಾಗಲಿ ಈ ನೀರಿನ ಗೆರೆ ಬದಲಾಗುವುದಿಲ್ಲ. ಪ್ರಾಥಮಿಕ ಶಾಲೆಯ ಭೂಗೋಳ ನಿಲ್ಲಬೇಕಾದದ್ದು ಇಂತಹ ಗೆರೆಯ ಮೇಲೆ.

ಒಂದು, ಎರಡನೆಯ ತರಗತಿಗಳಲ್ಲಿ ಹೆಚ್ಚೇನೂ ಬೇಕಿಲ್ಲ. ಮುಂದೆ, ಹಿಂದೆ, ಎಡ, ಬಲ, ಹತ್ತಿರ, ದೂರ, ಇಳಿಜಾರು, ದಿಣ್ಣೆ ಈ ಮಾತುಗಳು ಮೈಗೂಡಿದರೆ ಸಾಕು. ಮಳೆ ನಿಂತ ಕೂಡಲೆ ಶಾಲೆಯ ಅಂಗಳದಲ್ಲಿ ನೀರು ಯಾವ ಕಡೆ ಓಡುತ್ತದೆಂದು ನೋಡುವುದಕ್ಕಿಂತ ದೊಡ್ಡ ಪಾಠ ಆ ವಯಸ್ಸಿಗೆ ಬೇರೊಂದಿಲ್ಲ.

ಮೂರನೆಯ ತರಗತಿಯಿಂದ ಭೂಪಟದ ತೊಂದರೆ ಮೊದಲಾಗುತ್ತದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೋಡೆಗೆ ತೂಗುಹಾಕಿದ ಪಟದಲ್ಲಿ ಉತ್ತರ ದಿಕ್ಕು ಮೇಲೆ ಇರುತ್ತದೆ. ಆದುದರಿಂದ ಉತ್ತರವೆಂದರೆ ಆಕಾಶದ ಕಡೆ, ದಕ್ಷಿಣವೆಂದರೆ ನೆಲದ ಕಡೆ ಎಂದು ಮಗು ನಂಬುತ್ತದೆ. ಹಿಮಾಲಯ ಎತ್ತರದಲ್ಲಿರುವುದು ಅದು ಪಟದ ಮೇಲ್ತುದಿಯಲ್ಲಿರುವುದರಿಂದಲೇ ಎಂದು ಗಟ್ಟಿಯಾಗಿ ವಾದಿಸಿದ ಮಕ್ಕಳನ್ನು ನಾನು ಕಂಡಿದ್ದೇನೆ. ನದಿಗಳೆಲ್ಲ ಪಟದಲ್ಲಿ ಮೇಲಿನಿಂದ ಕೆಳಕ್ಕೆ ಹರಿಯಬೇಕು. ನರ್ಮದೆ ಅಡ್ಡವಾಗಿ ಹರಿದರೆ ಅವರಿಗೆ ಆಶ್ಚರ್ಯ. ಇದಕ್ಕೆ ಮದ್ದು ಸುಲಭವಾದುದು. ಪಟವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಬೇಕು, ಪಟದ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಬೇಕು. ಮೊದಲು ತರಗತಿಯ ಕೊಠಡಿ: ಬೆಂಕಿಕಡ್ಡಿಗಳಿಂದ ಗೋಡೆಗಳು, ಹುಣಿಸೆಬೀಜಗಳಿಂದ ಮಕ್ಕಳ ಜಾಗ. ಅನಂತರ ಹೆಜ್ಜೆಯಿಂದ ಅಂಗಳವನ್ನು ಅಳೆದು, ಹತ್ತು ಹೆಜ್ಜೆಗೆ ಒಂದು ಗೇಣೆಂದು ಸುಣ್ಣದಿಂದ ನೆಲದ ಮೇಲೆ ಬರೆಯುವುದು. ಇಬ್ಬರು ಹುಡುಗರ ಹೆಜ್ಜೆ ಒಂದೇ ಅಲ್ಲವೆಂದು ಜಗಳ ಹುಟ್ಟುತ್ತದೆ. ಆ ಜಗಳದಿಂದಲೇ ಪ್ರಮಾಣವೆಂದರೇನು, ಅಳತೆಗೆ ಒಂದು ಸ್ಥಿರವಾದ ದಂಡ ಏಕೆ ಬೇಕು ಎಂಬುದು ತಿಳಿಯುತ್ತದೆ. 1868ರಲ್ಲಿ ಮೇಖ್ರಿ ವೃತ್ತದಿಂದ ಕಣ್ಣೂರಿಗೆ ಅಳೆದವರಿಗೂ ಇದೇ ಚಿಂತೆಯಿತ್ತು. ಬಿಸಿಲಿಗೆ ಲೋಹ ಹಿಗ್ಗಿದರೆ ಅಳತೆ ಕೆಡುವುದೆಂದು ಅವರು ಎರಡು ಲೋಹಗಳನ್ನು ಜೋಡಿಸಿದ ದಂಡಗಳನ್ನು ಬಳಸಿದರು.

ನಾಲ್ಕನೆಯ ತರಗತಿಗೆ ನೀರನ್ನು ಹಿಡಿದು ಹೋಗುವುದು ಯುಕ್ತ. ನಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಬೆಂಗಳೂರಿನಲ್ಲಿ ಈ ಪ್ರಶ್ನೆಯ ಉತ್ತರ ಕಾಲಕಾಲಕ್ಕೆ ಬದಲಾಗಿದೆ; ಬದಲಾದಂತೆಲ್ಲ ದೂರವೂ ಬೆಳೆದಿದೆ. ಮೊದಲಿಗೆ ಊರ ಬಾವಿ, ಕೆರೆ. 1890ರ ದಶಕದಲ್ಲಿ ಯಲಹಂಕದ ಪಶ್ಚಿಮಕ್ಕೆ ಅರ್ಕಾವತಿಯ ಹೆಸರಘಟ್ಟ. 1933ರಲ್ಲಿ ಅದೇ ನದಿಯ ಕೆಳಪಾತಳಿಯ ತಿಪ್ಪಗೊಂಡನಹಳ್ಳಿ. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಎತ್ತಿ ತಂದ ಕಾವೇರಿ. ನಗರಕ್ಕೆ ಹೊಸದಾಗಿ ಸೇರಿದ ನೂರಹತ್ತು ಹಳ್ಳಿಗಳಿಗಾಗಿ 2024ರಲ್ಲಿ ಕಾವೇರಿಯ ಐದನೆಯ ಹಂತ. ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳನ್ನು ಇಲ್ಲಿ ಯಾರೂ ಹೇರಿಲ್ಲ. ಮನೆಯ ಕೊಳಾಯಿಯ ಚರಿತ್ರೆಯೇ ಮಗುವನ್ನು ಒಂದೊಂದಾಗಿ ಹೊರಕ್ಕೆ ಕರೆದೊಯ್ಯುತ್ತದೆ. ದಿಣ್ಣೆಯ ಮೇಲೆ ಬಿದ್ದ ನೀರು ಇಳಿದು ಕಾವೇರಿಗೆ ಹೋಗುವುದು, ಕಾವೇರಿಯ ನೀರು ಕೊಳವೆಯಲ್ಲಿ ಹತ್ತಿ ದಿಣ್ಣೆಗೆ ಬರುವುದು ಎರಡನ್ನೂ ಒಂದೇ ಪಟದಲ್ಲಿ ಬೇರೆ ಬೇರೆ ಬಣ್ಣದಿಂದ ಬರೆಸಿದರೆ ಮಕ್ಕಳು ತಾವಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಲು ಒಂದು ವಾರ ಸಾಲದು.

ಹತ್ತಿರದಿಂದ ದೂರಕ್ಕೆ ಎಂಬ ಸೂತ್ರದ ಬಗೆಗೆ ನನಗೆ ಒಂದು ಆಕ್ಷೇಪವಿದೆ. 'ಹತ್ತಿರ' ಯಾರಿಗೆ ಹತ್ತಿರ? ಹಳೆಯ ಹಳ್ಳಿಯಲ್ಲಿ ಎಲ್ಲ ಮಕ್ಕಳಿಗೂ ಊರು ಒಂದೇ ಆಗಿತ್ತು. ಇಂದು ಯಲಹಂಕದ ಸುತ್ತಿನ ಸರ್ಕಾರಿ ಶಾಲೆಯಲ್ಲಿ ಒಂದು ಬೆಂಚಿನ ಮೇಲೆ ಕುಳಿತ ಮೂವರಲ್ಲಿ ಒಬ್ಬನು ಸ್ಥಳೀಯ, ಇನ್ನೊಬ್ಬಳು ಯಾದಗಿರಿ, ರಾಯಚೂರುಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಮೂರನೆಯವನು ಬಿಹಾರದವನಾಗಿರಬಹುದು. 'ನಿಮ್ಮ ಊರಿನ ನಕ್ಷೆ ಬರೆಯಿರಿ' ಎಂದರೆ ಆ ಹುಡುಗಿ ಯಾವ ಊರನ್ನು ಬರೆಯಬೇಕು? ಶೆಡ್ಡು ಕಟ್ಟಿಕೊಂಡ ಜಾಗವನ್ನೋ, ಅಜ್ಜಿ ಇರುವ ಹಳ್ಳಿಯನ್ನೋ? ನಾಲ್ಕು ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಆರು ವರ್ಷದೊಳಗೆ ಹಲವು ಸಲ ಕಂಡ ಮಗುವಿಗೆ ತಾಲ್ಲೂಕಿನ ಗಡಿ ದಾಟಬೇಡ, ಅದು ಮುಂದಿನ ವರ್ಷದ ಪಾಠ ಎಂದು ಹೇಳುವುದು ಹಾಸ್ಯಾಸ್ಪದ. ಅವಳ ಊರನ್ನು ಪಾಠದಿಂದ ಹೊರಗಿಟ್ಟರೆ, ಇಲ್ಲಿ ನೀನು ಪರಕೀಯಳೆಂದು ಶಾಲೆಯೇ ಹೇಳಿದಂತಾಗುತ್ತದೆ. ಅವಳಿಗೆ ಹತ್ತಿರವಾದದ್ದು ಕೃಷ್ಣೆ, ಅರ್ಕಾವತಿಯೇ ದೂರ. ಇಬ್ಬರನ್ನೂ ಒಂದು ಪಟದ ಮುಂದೆ ಕೂರಿಸಿ, ಅವಳು ಬಂದ ರೈಲಿನ ದಾರಿಯನ್ನು ಅವಳಿಂದಲೇ ಬರೆಸಿದರೆ ಇಡೀ ತರಗತಿ ಕಲಿಯುತ್ತದೆ. ಮೆಟ್ಟಿಲು ಬೇಡವೆಂದು ನಾನು ಹೇಳುತ್ತಿಲ್ಲ. ಮೊದಲ ಮೆಟ್ಟಿಲು ಎಲ್ಲಿದೆಯೆಂಬುದನ್ನು ಪುಸ್ತಕ ನಿರ್ಧರಿಸಲಾಗದು, ಮಗುವನ್ನು ಕೇಳಿ ತಿಳಿಯಬೇಕು.

ಐದನೆಯ ತರಗತಿಯಲ್ಲಿ ನಾಡಿನ ಪಟವನ್ನು ಪರಿಚಯಿಸುವಾಗ ನಾನು ವಚನಕಾರರ ಅಂಕಿತಗಳನ್ನು ಉಪಯೋಗಿಸುತ್ತಿದ್ದೆ. ಈ ಪತ್ರಿಕೆಯ ವಾಚಕರಿಗೆ ಅದು ರುಚಿಸೀತೆಂದು ಇಲ್ಲಿ ಹೇಳುತ್ತೇನೆ. ಅಂಕಿತಗಳಲ್ಲಿ ಅನೇಕವು ಸ್ಥಳದ ಗುರುತನ್ನು ಹೊತ್ತಿವೆ. ಬಸವಣ್ಣನವರ ಅಂಕಿತದಲ್ಲಿ ಎರಡು ನದಿಗಳು ಕೂಡುವ ತಾಣವಿದೆ, ಅಕ್ಕನ ಅಂಕಿತ ಶ್ರೀಶೈಲವನ್ನು ನೋಡುತ್ತದೆ, ಸೊನ್ನಲಿಗೆಯ ಸಿದ್ಧರಾಮನೆಂದರೆ ಅವನು ಕಟ್ಟಿಸಿದ ಕೆರೆ ಕಣ್ಣಮುಂದೆ ಬರುತ್ತದೆ. ಮಕ್ಕಳು ಪಟದ ಮೇಲೆ ಈ ಊರುಗಳಿಗೆ ಬೀಜಗಳನ್ನಿಟ್ಟರೆ ಮಂಗಳವೇಡೆ, ಸೊನ್ನಲಿಗೆಗಳು ಮಹಾರಾಷ್ಟ್ರದಲ್ಲಿ, ಶ್ರೀಶೈಲ ಆಂಧ್ರದಲ್ಲಿ ಬೀಳುತ್ತವೆ. ರಾಜ್ಯದ ಗಡಿಯೂ ನುಡಿಯ ಹರಹೂ ಒಂದೇ ಅಲ್ಲವೆಂದು ಬೇರೆ ಹೇಳಬೇಕಾಗುವುದಿಲ್ಲ. ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆಗಳು ಕೂಡುವುದನ್ನು ಕಾಣಲು ಇಂದು ಹೋದವರಿಗೆ ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿನ ಹರವು ಕಾಣುತ್ತದೆ; ಐಕ್ಯಸ್ಥಳವನ್ನು ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಬೇಕಾಯಿತು. ನದಿಯನ್ನು ಮನುಷ್ಯನು ಹೇಗೆ ಮಾರ್ಪಡಿಸುತ್ತಾನೆಂಬ ಪಾಠಕ್ಕೆ ಇದಕ್ಕಿಂತ ಹೃದ್ಯವಾದ ನಿದರ್ಶನ ನನಗೆ ತಿಳಿಯದು. ಇದು ಧರ್ಮಬೋಧೆಯಲ್ಲ, ಅನ್ಯಧರ್ಮದ ಮಕ್ಕಳೂ ಅಷ್ಟೇ ಉತ್ಸಾಹದಿಂದ ಬೀಜ ಇಡುತ್ತಿದ್ದರು.

ಆರು, ಏಳನೆಯ ತರಗತಿಗಳಲ್ಲಿ ಗೋಳ, ಅಕ್ಷಾಂಶ, ರೇಖಾಂಶಗಳು ಬರುತ್ತವೆ. ಇಲ್ಲಿ ಸಿಂಗಾಪುರದ ಮಕ್ಕಳಿಗೆ ಬೇರೆ ಊರಿನವರಿಗಿಲ್ಲದ ಒಂದು ಸೌಕರ್ಯವುಂಟು. ಅಟ್ಲಾಸ್ ಬಿಡಿಸಿದೊಡನೆ ಮಲಯ ದ್ವೀಪಕಲ್ಪದ ತುದಿಯಲ್ಲಿ ತಮ್ಮ ಊರಿನ ಹೆಸರನ್ನೇ ಕಾಣುತ್ತಾರೆ. ಸಿಂಹಪುರವೆಂಬ ಸಂಸ್ಕೃತ ಶಬ್ದವು ಕಡಲು ದಾಟಿ ಹೋದ ಕಥೆ ಅಲ್ಲಿಂದ ಆರಂಭಿಸಬಹುದು. ನಾನಂತೂ ನೆರಳಿನಿಂದ ಆರಂಭಿಸುತ್ತೇನೆ. ಮಧ್ಯಾಹ್ನಕ್ಕೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆಂದು ನಮ್ಮ ಪುಸ್ತಕಗಳೂ ಮಾತುಗಳೂ ಹೇಳುತ್ತವೆ. ಬೆಂಗಳೂರಿನಲ್ಲಿ ಅದು ವರ್ಷಕ್ಕೆ ಎರಡೇ ದಿನ ನಿಜ: ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಒಮ್ಮೆ. ಗಡಿಯಾರದ ಹನ್ನೆರಡಕ್ಕೂ ಅಲ್ಲ. ನಮ್ಮ ರೇಖಾಂಶವು ಭಾರತದ ಕಾಲಮಾನದ ರೇಖೆಗಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಸುಮಾರು ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ತಿಂಗಳಿಗೊಮ್ಮೆ ಆ ಹೊತ್ತಿನ ನೆರಳನ್ನು ಅಳೆದರೆ ಡಿಸೆಂಬರಿನಲ್ಲಿ ಅದು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚಿರುತ್ತದೆ. ಜೂನಿನಲ್ಲಿ ದಕ್ಷಿಣಕ್ಕೆ ತಿರುಗಿ ಸುಮಾರು 18 ಸೆಂಟಿಮೀಟರ್ ಇರುತ್ತದೆ. ಕಡಲಾಚೆಯ ಸಿಂಗಾಪುರವು ಭೂಮಧ್ಯರೇಖೆಗೆ ಒಂದು ಡಿಗ್ರಿಯಷ್ಟು ಸಮೀಪದಲ್ಲಿರುವುದರಿಂದ ಅಲ್ಲಿ ನೆರಳು ಅಡಗುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಉತ್ತರಾರ್ಧದಲ್ಲಿ. ಎರಡು ಊರುಗಳ ತಾರೀಖುಗಳನ್ನು ಎದುರುಬದುರು ಬರೆದರೆ ಹದಿಮೂರು ಡಿಗ್ರಿ, ಒಂದು ಡಿಗ್ರಿ ಎಂಬ ಅಂಕಿಗಳಿಗೆ ಮೊದಲ ಬಾರಿಗೆ ಅರ್ಥ ಬರುತ್ತದೆ. ಏಪ್ರಿಲ್ ತಿಂಗಳ ದಿನ ಶಾಲೆಗೆ ರಜೆ. ಆಗಸ್ಟ್ ತಿಂಗಳ ದಿನ ಶಾಲೆ ಇರುತ್ತದೆ, ಆದರೆ ಅನೇಕ ವರ್ಷ ಮೋಡವೂ ಇರುತ್ತದೆ. ಅಂತಹ ವರ್ಷ ಕೋಲನ್ನು ಕೀಳದೆ ಮೂರು ನಾಲ್ಕು ದಿನ ಹಾಗೆಯೇ ಬಿಟ್ಟರೆ, ಬಿಸಿಲು ತೆರೆದ ದಿನ ಬುಡದ ಉತ್ತರಕ್ಕೆ ಬೆರಳಗಲದ ನೆರಳು ಸಿಕ್ಕೇ ಸಿಗುತ್ತದೆ.